ಆಮೆಯ ಬ್ಯಾಟರಿ ಬಿಚ್ಚಿದ ಕಥೆ

2024ರ ಮೇ ತಿಂಗಳ ಎರಡನೇ ವಾರ. ಆಮೆ ಮತ್ತೆ ಅಂಗಳದ ನಡುವೆ ನಿಂತಿತ್ತು.

ಆಮೆ ಅಂದರೆ ನಮ್ಮ ಹುಲ್ಲು ಕತ್ತರಿಸುವ ರೋಬಾಟ್. ಮಗಳು ಇಟ್ಟ ಹೆಸರು. ನಾವಿರುವುದು ಸ್ವೀಡನ್‌ನ ಗೋಥೆನ್‌ಬರ್ಗ್ ಪಕ್ಕದ ಸಣ್ಣ ಊರಿನಲ್ಲಿ. ಇಲ್ಲಿ ಬೀದಿಗೆ ಹತ್ತು ಮನೆ ಇದ್ದರೆ ನಾಲ್ಕೈದು ಮನೆಯ ಅಂಗಳದಲ್ಲಿ ಇಂಥದ್ದೊಂದು ಓಡಾಡುತ್ತಿರುತ್ತದೆ. ಇಲ್ಲಿಯದೇ ಹುಸ್ಕ್ವರ್ನಾ ಕಂಪನಿ 1995ರಲ್ಲೇ ಬಿಸಿಲಿನಿಂದ ಓಡುವ ರೋಬಾಟ್ ಮಾರಿತ್ತು. ಹಾಗಾಗಿ ಯಾರಿಗೂ ಇದು ಹೊಸತಲ್ಲ. ತೀರ್ಥಹಳ್ಳಿಯಲ್ಲಿರುವ ನಮ್ಮಪ್ಪನಿಗೆ ಮಾತ್ರ ಇವತ್ತಿಗೂ ಇದು ಅರ್ಥವಾಗದ ವ್ಯವಹಾರ.

"ಹುಲ್ಲು ಕೊಯ್ದು ಏನು ಮಾಡ್ತದೆ ಅದು?" ಅಂತ ವಿಡಿಯೋ ಕಾಲ್‌ನಲ್ಲಿ ಕೇಳಿದ್ದರು.

"ಅಲ್ಲೇ ಉದುರಿಸ್ತದೆ ಅಪ್ಪಯ್ಯ."

"ಕೊಟ್ಟಿಗೆಗೆ ತರೋದಿಲ್ವಾ? ಹಂಗಾದ್ರೆ ಎಂಥಕ್ಕೆ ಮಾರಾಯಾ ಅದು!"

ಉತ್ತರ ಇರಲಿಲ್ಲ.

2021ರ ಏಪ್ರಿಲ್‌ನಲ್ಲಿ ತಂದಾಗ ಆಮೆ ಒಂದು ಸಲ ಚಾರ್ಜ್ ಆದರೆ 75 ನಿಮಿಷ ಓಡುತ್ತಿತ್ತು. ಆಮೇಲೆ ತಾನೇ ಗೂಡಿಗೆ ಹೋಗಿ ಒಂದು ಗಂಟೆ ಚಾರ್ಜ್ ಆಗಿ ಮತ್ತೆ ಹೊರಡುತ್ತಿತ್ತು. ಮೂರು ಬೇಸಿಗೆ ಹೀಗೇ ಕಳೆಯಿತು. ನಾಲ್ಕನೆಯದಕ್ಕೆ ಗಡಿಯಾರ ಹಿಡಿದು ನೋಡಿದೆ. 22 ನಿಮಿಷ. ಕೆಲವು ಸಲ ಗೂಡಿನ ದಾರಿ ಹುಡುಕುವಷ್ಟರಲ್ಲೇ ಸುಸ್ತು.

ಮೊದಲು ಬ್ಯಾಟರಿಯನ್ನು ದೂರಲಿಲ್ಲ. ಬ್ಲೇಡ್ ಮೊಂಡಾದರೂ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಚಕ್ರದ ಸಂದಿಯಲ್ಲಿ ಒದ್ದೆ ಹುಲ್ಲು ಗಟ್ಟಿಯಾಗಿ ಕೂತರೂ ಹಾಗೇ. ಮೂರು ಬ್ಲೇಡ್ ಬದಲಿಸಿದೆ. ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಳವೆಲ್ಲ ಉಜ್ಜಿದೆ. ಗೂಡಿನ ಚಾರ್ಜಿಂಗ್ ಪಟ್ಟಿಗಳು ಕಪ್ಪಾಗಿದ್ದವು, ಸಣ್ಣ ಉಪ್ಪುಕಾಗದದಲ್ಲಿ ತಿಕ್ಕಿದೆ. 22 ಇದ್ದದ್ದು 24 ಆಯಿತು. ಅಲ್ಲಿಗೆ ಉಳಿದದ್ದು ಬ್ಯಾಟರಿ ಒಂದೇ.

ಅಂಗಡಿಯಲ್ಲಿ ಹೊಸ ಬ್ಯಾಟರಿ ಸಿಗುತ್ತದೆ. ಆಗ ಬೆಲೆ 1,400 ಕ್ರೋನ (ಇಲ್ಲಿಯ ದುಡ್ಡು) ಇತ್ತು. ಮೊದಲೇ ಹೇಳಿಬಿಡುತ್ತೇನೆ, ದುಡ್ಡು ಉಳಿಸುವುದೊಂದೇ ನಿಮ್ಮ ಉದ್ದೇಶವಾದರೆ ಅದನ್ನೇ ತಗೊಳ್ಳಿ. ನನ್ನ ಹತ್ತಿರ ಸ್ಪಾಟ್ ವೆಲ್ಡರ್ (ಲೋಹದ ಪಟ್ಟಿಯನ್ನು ಸೆಲ್‌ಗೆ ಚುಕ್ಕೆ ಚುಕ್ಕೆಯಾಗಿ ಬೆಸೆಯುವ ಸಾಧನ) ಮೊದಲೇ ಇತ್ತು. ಅದಕ್ಕಿಂತ ಹೆಚ್ಚಾಗಿ, ಇದು ಯಾಕೆ ಸತ್ತಿತು ಅಂತ ನನಗೆ ಗೊತ್ತಾಗಬೇಕಿತ್ತು. ಕಾರಣ ಗೊತ್ತಾಗದೆ ಹೊಸದು ಹಾಕಿದರೆ ಅದೂ ಮೂರೇ ವರ್ಷ, ಅಲ್ವಾ?

ಆಮೆಯನ್ನು ಬೋರಲು ಹಾಕಿ ಟಾರ್ಕ್ಸ್ ಸ್ಕ್ರೂ ಬಿಚ್ಚಿದೆ. ಒಳಗೆ ಕೈಹಿಡಿಯಷ್ಟು ದೊಡ್ಡ ಕಪ್ಪು ಪೊಟ್ಟಣ. ಪ್ಲಾಸ್ಟಿಕ್ ಪೊರೆ ಸೀಳಿದರೆ ಐದು 18650 ಲಿಥಿಯಂ ಸೆಲ್, ಸಾಲಾಗಿ ಜೋಡಿಸಿದ್ದು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಅದಕ್ಕೇ ಆ ಹೆಸರು. ಒಂದೊಂದು ಸೆಲ್ ತುಂಬಿದಾಗ 4.2 ವೋಲ್ಟ್. ಐದು ಸೇರಿ 21. ಜೊತೆಗೆ ಕಾವಲು ಕಾಯುವ ಒಂದು ಸಣ್ಣ ಬೋರ್ಡ್, ಅದೇ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ). ಸೆಲ್‌ಗಳ ನಡುವೆ ಅಂಟಿಸಿದ ಒಂದು ತಾಪ ಸೆನ್ಸರ್.

ಪೂರ್ತಿ ಚಾರ್ಜ್ ಮಾಡಿ, ಎರಡು ಗಂಟೆ ಬಿಟ್ಟು ಮೀಟರ್ ಹಿಡಿದೆ. ಋಣದ ಕಡೆಯಿಂದ ಎಣಿಸಿದರೆ 4.16, 4.15, 4.16, 4.11, 4.16. ನಾಲ್ಕನೆಯದು ಸ್ವಲ್ಪ ಕಡಿಮೆ, ಅಷ್ಟೇ. ಇಷ್ಟು ನೋಡಿ ಬ್ಯಾಟರಿ ಚೆನ್ನಾಗಿದೆ ಅಂತ ಹೇಳಿಬಿಡಬಹುದಿತ್ತು. ಸುಮ್ಮನೆ ಕೂತ ಸೆಲ್ ಸುಳ್ಳು ಹೇಳುತ್ತದೆ. ಭಾರ ಹೊರಿಸಿದಾಗಲೇ ಬಣ್ಣ ಬಯಲಾಗುವುದು.

ಕಾರಿನ ಇಂಡಿಕೇಟರ್ ಬಲ್ಬ್ ಎರಡು ಇದ್ದವು, 12 ವೋಲ್ಟ್ 21 ವಾಟ್‌ನವು. ಎರಡನ್ನೂ ಸಾಲಾಗಿ ಜೋಡಿಸಿ ಬ್ಯಾಟರಿಗೆ ಕೊಟ್ಟೆ. ಸುಮಾರು ಒಂದೂವರೆ ಆಂಪಿಯರ್ ಎಳೆಯುತ್ತದೆ, ಹುಲ್ಲು ಕತ್ತರಿಸುವ ಆಮೆಯ ಹೊಟ್ಟೆಬಾಕತನಕ್ಕೆ ಹತ್ತಿರದ ಲೆಕ್ಕ. ಐದು ನಿಮಿಷಕ್ಕೊಮ್ಮೆ ಐದೂ ಸೆಲ್ ಅಳೆದು ಬರೆದುಕೊಂಡೆ. ಅರ್ಧ ಗಂಟೆಯ ಹೊತ್ತಿಗೆ ನಾಲ್ಕು ಸೆಲ್ 3.6ರ ಆಸುಪಾಸಿನಲ್ಲಿ ಇದ್ದವು. ನಾಲ್ಕನೆಯದು 3.1. ಇನ್ನು ಕೆಲವು ನಿಮಿಷಕ್ಕೆ ಅದು ಮೂರಕ್ಕಿಂತ ಕೆಳಗೆ ಇಳಿಯಿತು, ಬಿಎಂಎಸ್ ಕರೆಂಟ್ ಕಡಿದುಹಾಕಿತು. ಬಲ್ಬ್ ಆರಿತು. ಉಳಿದ ನಾಲ್ಕರ ಹೊಟ್ಟೆಯಲ್ಲಿ ಇನ್ನೂ ಸಾಕಷ್ಟು ಉಳಿದಿತ್ತು. ಒಂದು ಎತ್ತು ಕುಂಟಿದರೆ ಗಾಡಿಯೇ ನಿಂತ ಹಾಗೆ.

ಮುಂದಿನದು ಸೆಲ್ ಬಿಡಿಸುವ ಕೆಲಸ. ಇಲ್ಲಿ ಒಂದು ತಪ್ಪು ಮಾಡಿದೆ. ಬೋರ್ಡಿಗೆ ಹೋಗುವ ಆರು ಸಣ್ಣ ತಂತಿಗಳ ಫೋಟೋ ತೆಗೆದು, ಧನದ ತುದಿಯಿಂದ ಒಂದೊಂದೇ ಬಿಡಿಸಿ, ತುದಿಗೆ ಟೇಪ್ ಸುತ್ತಿದೆ. ಅಲ್ಲಿಯವರೆಗೆ ಜಾಣ. ಸೆಲ್‌ನಿಂದ ಸೆಲ್‌ಗೆ ಕೊಂಡಿ ಹಾಕಿದ ನಿಕ್ಕಲ್ ಪಟ್ಟಿ ಕತ್ತರಿಸುವಾಗ ಮಾತ್ರ ಕಟ್ಟರ್‌ನ ಬಾಯಿ ಎರಡು ಪಟ್ಟಿಗೂ ಒಟ್ಟಿಗೆ ತಾಗಿತು. ಚಟ್ ಅಂತ ನೀಲಿ ಕಿಡಿ. ಕಟ್ಟರ್‌ನ ಅಲಗಿನಲ್ಲಿ ಸಾಸಿವೆಯಷ್ಟು ದೊಡ್ಡ ಗುಳಿ ಬಿತ್ತು. ಕಣ್ಣಿಗೆ ಕನ್ನಡಕ ಇತ್ತು, ಉಂಗುರ ಮೊದಲೇ ತೆಗೆದಿಟ್ಟಿದ್ದೆ. ಚಿನ್ನದ ಉಂಗುರ ಎರಡು ಪಟ್ಟಿಯ ನಡುವೆ ಸಿಕ್ಕಿದ್ದರೆ ಕಥೆ ಬೇರೆಯಾಗುತ್ತಿತ್ತು. ಆಮೇಲೆ ಒಂದು ಪಟ್ಟಿ ಮುಟ್ಟುವಾಗ ಉಳಿದದ್ದಕ್ಕೆಲ್ಲ ಟೇಪ್. ಕೆಲಸವೂ ಮನೆಯೊಳಗಲ್ಲ, ಹೊರಗಿನ ಕಲ್ಲುಹಾಸಿನ ಮೇಲೆ. ಪಕ್ಕದಲ್ಲಿ ನೀರಿನ ಪೈಪ್. ಲಿಥಿಯಂ ಸೆಲ್ ಹೊತ್ತಿಕೊಂಡರೆ ಅದನ್ನು ತಣ್ಣಗೆ ಮಾಡುವುದೇ ಮುಖ್ಯ, ಅದಕ್ಕೆ ಬೇಕಾದ್ದು ಧಾರಾಳ ನೀರು.

ಬಿಡಿಸಿದ ಐದನ್ನೂ ಟೆಸ್ಟರ್‌ನಲ್ಲಿ ಹಾಕಿ ಪೂರ್ತಿ ತುಂಬಿಸಿ, ಪೂರ್ತಿ ಖಾಲಿ ಮಾಡಿ ಅಳೆದೆ. ಎರಡು ದಿನ ಹಿಡಿಯಿತು. ಹೊಸದರಲ್ಲಿ ಒಂದೊಂದು ಸೆಲ್ ಹಿಡಿಸುತ್ತಿದ್ದ ಚಾರ್ಜ್ 2,500 ಮಿಲಿಆಂಪಿಯರ್-ಅವರ್. ಈಗ ಸಿಕ್ಕಿದ್ದು 1,710, 1,680, 1,655, 940, 1,700. ಒಳಗಿನ ರೆಸಿಸ್ಟೆನ್ಸ್ (ಕರೆಂಟಿಗೆ ಇರುವ ಅಡ್ಡಿ, ಕಡಿಮೆ ಇದ್ದಷ್ಟೂ ಒಳ್ಳೆಯದು) ಉಳಿದ ನಾಲ್ಕರಲ್ಲಿ 34ರಿಂದ 38 ಮಿಲಿಓಮ್, ಹಾಳಾದದ್ದರಲ್ಲಿ 71.

ನಾಲ್ಕನೆಯದೊಂದನ್ನೇ ಬದಲಿಸಿದರೆ ಸಾಲದೇ ಅಂತ ನನಗೂ ಅನ್ನಿಸಿತ್ತು. ಸಾಲದು. ಮುದುಕರ ನಡುವೆ ಒಬ್ಬ ಹುಡುಗನನ್ನು ನಿಲ್ಲಿಸಿದರೆ ಓಟ ಮುದುಕರ ವೇಗದಲ್ಲೇ ಇರುತ್ತದೆ. ಹೊಸ ಸೆಲ್‌ನಲ್ಲಿ ಇನ್ನೂ ಮೂರನೇ ಒಂದು ಪಾಲು ಉಳಿದಿರುವಾಗಲೇ ಹಳೆಯವು ಖಾಲಿ. ಬೋರ್ಡಿನಲ್ಲಿ ಸೆಲ್‌ಗಳನ್ನು ಸಮ ಮಾಡುವ ರೆಸಿಸ್ಟರ್ ಇವೆ, ನಿಜ. ಅವು ಹರಿಸುವುದು ಕೆಲವೇ ಹತ್ತು ಮಿಲಿಆಂಪಿಯರ್. ಚಮಚದಲ್ಲಿ ಕೆರೆ ಖಾಲಿ ಮಾಡುವ ಕೆಲಸ ಅದು. ಐದಕ್ಕೆ ಐದೂ ಹೊಸದು ಬೇಕು, ಅದೂ ಒಂದೇ ಬ್ಯಾಚಿನವು.

ಸೆಲ್ ಬರಲು ವಾರ ಹಿಡಿಯಿತು. ಆ ವಾರದಲ್ಲಿ ಕೂತು ಲೆಕ್ಕ ಹಾಕಿದೆ. ನಿಜವಾದ ರಿಪೇರಿ ಆಗಿದ್ದು ಆಗಲೇ.

ಆಮೆಯ ವೇಳಾಪಟ್ಟಿ ಹೀಗಿತ್ತು: ಬೆಳಿಗ್ಗೆ 9ರಿಂದ ಸಂಜೆ 4, ವಾರಕ್ಕೆ ಆರು ದಿನ. ದಿನಕ್ಕೆ ಮೂರು ಸುತ್ತು. ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ 26 ವಾರ. ಮೂರು ಗುಣಿಸು ಆರು ಗುಣಿಸು 26, ವರ್ಷಕ್ಕೆ 468 ಸುತ್ತು. ಮೂರು ವರ್ಷಕ್ಕೆ 1,404. ಪ್ರತಿ ಸುತ್ತೂ ತಳ ಮುಟ್ಟುವವರೆಗೆ ಖಾಲಿಯಾಗುವುದಿಲ್ಲ ಅನ್ನುವುದನ್ನು ಹಿಡಿದರೂ, ಸಾವಿರ ದಾಟಿದೆ. ಫೋನ್ ದಿನಕ್ಕೊಂದು ಸಲ ಚಾರ್ಜ್ ಮಾಡಿದರೂ ಅಷ್ಟಾಗಲು ಮೂರು ವರ್ಷ ಬೇಕು. ಫೋನಿಗೆ ಇಷ್ಟು ವರ್ಷಕ್ಕೆ ಬ್ಯಾಟರಿ ಸೋತರೆ ನಮಗೆ ಆಶ್ಚರ್ಯ ಆಗುವುದಿಲ್ಲ. ಆಮೆಗೆ ಆದರೆ ಕಂಪನಿಗೆ ಬೈಯುತ್ತೇವೆ.

ಇನ್ನೂ ನಾಚಿಕೆಯ ವಿಷಯ ಏನೆಂದರೆ ನಮ್ಮ ಅಂಗಳ ಬರೀ 350 ಚದರ ಮೀಟರ್. ಆಮೆ 600ಕ್ಕೆ ಅಂತ ಮಾಡಿದ್ದು. ಅರ್ಧದಷ್ಟು ಓಟ ಪೂರ್ತಿ ವ್ಯರ್ಥ. ಕತ್ತರಿಸಿದ ಹುಲ್ಲನ್ನೇ ಮತ್ತೆ ಸವರುತ್ತಾ ಓಡಾಡುತ್ತಿತ್ತು, ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಹಾಗೆ. ಜುಲೈನಲ್ಲಿ ಮಳೆಯಿಲ್ಲದೆ ಹುಲ್ಲು ಬೆಳೆಯುವುದೇ ನಿಂತಾಗಲೂ ದಿನಕ್ಕೆ ಮೂರು ಸುತ್ತು! ಯಾಕೆ? ತಂದ ದಿನ ಹಾಗೆ ಒತ್ತಿದ್ದೆ, ಅದಕ್ಕೆ.

ಎರಡನೇ ತಪ್ಪು ಚಳಿಗಾಲದ್ದು. ಅದರ ಬೇರು ತೀರ್ಥಹಳ್ಳಿಯಲ್ಲಿದೆ. ತೋಟಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್, ಮನೆಯ ಯುಪಿಎಸ್, ಎಲ್ಲದರಲ್ಲೂ ಸೀಸದ ಬ್ಯಾಟರಿ. ಅದನ್ನು ಖಾಲಿ ಇಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಹರಳು ಕಟ್ಟಿ ಸತ್ತೇಹೋಗುತ್ತದೆ. "ಫುಲ್ ಚಾರ್ಜ್ ಮಾಡಿ ಇಡು" ಅಂತ ಅಪ್ಪ ಹೇಳಿದ್ದು ಕೇಳುತ್ತಾ ಬೆಳೆದವನು ನಾನು. ಅದರಂತೆ ಪ್ರತಿ ಅಕ್ಟೋಬರ್‌ನಲ್ಲೂ ಆಮೆಯನ್ನು ಕಂಠದವರೆಗೆ ತುಂಬಿಸಿ, ಬಟ್ಟೆ ಒಗೆಯುವ ಕೋಣೆಯಲ್ಲಿ ಇಟ್ಟೆ. ಡ್ರೈಯರ್ ಇರುವ ಕೋಣೆ, ಚಳಿಗಾಲದಲ್ಲೂ 24 ಡಿಗ್ರಿ. ಬೆಚ್ಚಗಿರಲಿ ಅಂತ ಪ್ರೀತಿ ಬೇರೆ.

ಲಿಥಿಯಂಗೆ ಇದು ತಲೆಕೆಳಗಾದ ಉಪಚಾರ. ಒಳಗಿನ ಗ್ರಾಫೈಟ್ ಮೇಲೆ ಒಂದು ತೆಳು ಪೊರೆ ಇರುತ್ತದೆ. ಅದು ಇರಲೇಬೇಕು. ಆದರೆ ತುಂಬಿದ ಚಾರ್ಜ್ ಮತ್ತು ಬಿಸಿ ಎರಡೂ ಸೇರಿದರೆ ಆ ಪೊರೆ ಹಾಲಿನ ಕೆನೆಯ ಹಾಗೆ ದಪ್ಪವಾಗುತ್ತಾ ಹೋಗುತ್ತದೆ. ಅತ್ತಿತ್ತ ಓಡಾಡಬೇಕಾದ ಲಿಥಿಯಂ ಸ್ವಲ್ಪ ಸ್ವಲ್ಪವಾಗಿ ಅದರಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಹೋದ ಲಿಥಿಯಂ ವಾಪಸ್ ಬರುವುದಿಲ್ಲ. ಆಮೆ ಒಂದಿಂಚೂ ಓಡದೆ, ಬೆಚ್ಚಗೆ ಮಲಗಿಕೊಂಡೇ ವರ್ಷಕ್ಕೆ ಐದಾರು ತಿಂಗಳು ಮುದಿಯಾಗುತ್ತಿತ್ತು.

ಹಾಗಂತ ಕೈಪಿಡಿಯಲ್ಲಿ ಏನಿದೆ ಗೊತ್ತಾ? ಪೂರ್ತಿ ಚಾರ್ಜ್ ಮಾಡಿ ಇಡಿ ಅಂತಲೇ ಇದೆ. ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ಅವರ ಮಾತಿಗೂ ಅರ್ಥ ಇದೆ. ಬ್ಯಾಟರಿ ಆಮೆಯ ಹೊಟ್ಟೆಯಲ್ಲೇ ಇದ್ದರೆ ಬೋರ್ಡುಗಳು ತೊಟ್ಟು ತೊಟ್ಟಾಗಿ ಕರೆಂಟ್ ಹೀರುತ್ತಲೇ ಇರುತ್ತವೆ. ಅರ್ಧ ತುಂಬಿಸಿ ಇಟ್ಟರೆ ಆರು ತಿಂಗಳಲ್ಲಿ ತಳ ಮುಟ್ಟಬಹುದು. ಎರಡೂವರೆ ವೋಲ್ಟಿಗಿಂತ ತುಂಬಾ ಕೆಳಗೆ ಹೋಗಿ ತಿಂಗಳುಗಟ್ಟಲೆ ಬಿದ್ದ ಸೆಲ್‌ನಲ್ಲಿ ತಾಮ್ರದ ಹಾಳೆಯೇ ಕರಗಲು ಶುರುವಾಗುತ್ತದೆ. ಅಂಥದ್ದನ್ನು ಮತ್ತೆ ಚಾರ್ಜ್ ಮಾಡುವುದು ಅಪಾಯ. ಜನರಿಗೆ ಬ್ಯಾಟರಿ ಬಿಚ್ಚಿ ತೆಗೆಯಿರಿ ಅಂತ ಹೇಳುವುದಕ್ಕಿಂತ ತುಂಬಿಸಿ ಇಡಿ ಅನ್ನುವುದು ಕಂಪನಿಗೆ ಸುಲಭ. ಅದನ್ನೇ ಪಾಲಿಸುವುದಾದರೆ ತಣ್ಣಗಿನ ಜಾಗದಲ್ಲಾದರೂ ಇಡಿ. ತುಂಬಿ ತಣ್ಣಗಿದ್ದರೆ ಪರವಾಗಿಲ್ಲ. ತುಂಬಿ ಬೆಚ್ಚಗಿದ್ದರೆ ನಷ್ಟ.

ಮೂರನೆಯದು ಗೂಡಿನ ಜಾಗ. ದಕ್ಷಿಣದ ಗೋಡೆಗೆ, ನಡುಹಗಲಿನ ಬಿಸಿಲಿಗೆ ಬೆನ್ನು ಕೊಟ್ಟು ಕೂರಿಸಿದ್ದೆ. ಸ್ವೀಡನ್‌ನಲ್ಲಿ ಎಂಥ ಬಿಸಿಲು ಅಂತ ನಗಬೇಡಿ. ಆಮೆಯ ಬೆನ್ನು ಕಪ್ಪು ಪ್ಲಾಸ್ಟಿಕ್. ಹಿಂದಿನ ಜುಲೈನಲ್ಲಿ ಸುಮ್ನೆ ಕುತೂಹಲಕ್ಕೆ ತಾಪ ಅಳೆದು ಪುಸ್ತಕದಲ್ಲಿ ಬರೆದಿದ್ದೆ, ಹೊರಗೆ 27 ಡಿಗ್ರಿ, ಚಾರ್ಜ್ ಆಗುತ್ತಿದ್ದ ಆಮೆಯ ಮೈ 41. ಒಳಗಿನ ಸೆಲ್ ಅದಕ್ಕಿಂತ ಬಿಸಿ ಇದ್ದಿರಲೇಬೇಕು. ನಾಲ್ಕನೇ ಸೆಲ್ ಇದ್ದದ್ದು ಬಿಸಿಯಾಗುವ ಬೋರ್ಡಿಗೆ ಒತ್ತಿಕೊಂಡು. ಅದೇ ಮೊದಲು ಸೋತದ್ದಕ್ಕೆ ಇದೇ ಕಾರಣ ಅನ್ನುವುದು ನನ್ನ ಊಹೆ.

ಅಂದಹಾಗೆ, ಲಿಥಿಯಂ ಮೊದಲು ಸಿಕ್ಕಿದ್ದೇ ಈ ದೇಶದ ಕಲ್ಲಿನಲ್ಲಿ. ಸ್ಟಾಕ್‌ಹೋಮ್ ಹತ್ತಿರದ ಊಟೋ ದ್ವೀಪದ ಗಣಿಯಿಂದ ಬಂದ ಪೆಟಲೈಟ್ ಎಂಬ ಕಲ್ಲಿನಲ್ಲಿ 1817ರಲ್ಲಿ ಯೋಹಾನ್ ಆಗಸ್ಟ್ ಆರ್ಫ್ವೆಡ್ಸನ್ ಅದನ್ನು ಕಂಡುಹಿಡಿದರು. ಇನ್ನೂರು ವರ್ಷದ ಮೇಲೆ ಅದೇ ದೇಶದಲ್ಲಿ ಕೂತು ನಾನು ಅದನ್ನು ಬೇಯಿಸಿ ಹಾಳು ಮಾಡಿದ್ದೆ.

ಸೆಲ್ ಬಂದವು. 2,500ರವೇ, 20 ಆಂಪಿಯರ್ ಕೊಡಬಲ್ಲವು. 3,500ರದ್ದು ಹಾಕಿದರೆ ಇನ್ನೂ ಅರ್ಧ ಗಂಟೆ ಜಾಸ್ತಿ ಓಡುತ್ತದಲ್ಲ ಅನ್ನುವ ಆಸೆ ಬಂದಿತ್ತು. ಆದರೆ ಗೂಡು ಎರಡು ಆಂಪಿಯರ್‌ನಲ್ಲಿ ತಳ್ಳುತ್ತದೆ. ಜಾಸ್ತಿ ಹಿಡಿಸುವ ಸೆಲ್‌ಗಳು ಸಾಮಾನ್ಯವಾಗಿ ಅಷ್ಟು ವೇಗದ ಚಾರ್ಜ್ ಇಷ್ಟಪಡುವುದಿಲ್ಲ, ಬಿಸಿಯೂ ಆಗುತ್ತವೆ. ಮೂಲ ಸೆಲ್ ಎಂಥದ್ದೋ ಅಂಥದ್ದೇ ಹಾಕುವುದು ಕ್ಷೇಮ. ಇನ್ನು 9,900 ಅಂತ ಬರೆದ ಅಗ್ಗದ ಸೆಲ್ ಕಂಡರೆ ಆ ಅಂಗಡಿಯ ಕಡೆ ತಲೆ ಹಾಕಬೇಡಿ. ಈ ಗಾತ್ರದ ಒಳ್ಳೆಯ ಸೆಲ್‌ಗಳು 3,500ರ ಆಸುಪಾಸಿನಲ್ಲೇ ನಿಲ್ಲುತ್ತವೆ. ನಾನು ಐದನ್ನೂ ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ, ತಲಾ 45 ಗ್ರಾಂ ಆಸುಪಾಸು. ಅಳತೆಯಲ್ಲಿ 2,470ರಿಂದ 2,490. ರೆಸಿಸ್ಟೆನ್ಸ್ 14, 15. ವೋಲ್ಟ್ ಐದರಲ್ಲೂ ಒಂದೇ ಆಗುವವರೆಗೆ ಚಾರ್ಜ್ ಮಾಡಿ ನಿಲ್ಲಿಸಿದೆ.

ನಿಕ್ಕಲ್ ಪಟ್ಟಿ ತೆಗೆದುಕೊಳ್ಳುವಾಗ ಒಂದು ಪರೀಕ್ಷೆ ಇದೆ. ಎಷ್ಟೋ ಪಟ್ಟಿಗಳು ಒಳಗೆ ಉಕ್ಕು, ಮೇಲೆ ಮಾತ್ರ ನಿಕ್ಕಲ್. ಚೂರೊಂದನ್ನು ಮೊಳೆಯಿಂದ ಕೆರೆದು ಉಪ್ಪುನೀರಿನಲ್ಲಿ ಎರಡು ದಿನ ಇಟ್ಟೆ. ತುಕ್ಕು ಬರಲಿಲ್ಲ, ಅಸಲಿ. 0.15 ಮಿಲಿಮೀಟರ್ ದಪ್ಪ, 8 ಅಗಲ. ಮಳೆಯಲ್ಲಿ ಓಡಾಡುವ ಯಂತ್ರಕ್ಕೆ ಉಕ್ಕು ಬೇಡ.

ಸೆಲ್‌ನ ಧನದ ತಲೆಗೆ ಕಾಗದದ ಉಂಗುರ ಅಂಟಿಸುವುದನ್ನು ಮರೆಯಲೇಬಾರದು. ನಡುವಿನ ಗುಂಡಿ ಮಾತ್ರ ಧನ, ಸುತ್ತಲಿನ ಅಂಚೆಲ್ಲ ಋಣ. ಎರಡರ ನಡುವೆ ಇರುವುದು ತೆಳು ಪ್ಲಾಸ್ಟಿಕ್ ಅಷ್ಟೇ. ಪಟ್ಟಿ ಅಲ್ಲಿ ಉಜ್ಜಿ ಉಜ್ಜಿ ಪ್ಲಾಸ್ಟಿಕ್ ಹರಿದರೆ ನೇರ ಶಾರ್ಟ್. ಆಮೆ ದಿನವಿಡೀ ನಡುಗುತ್ತಾ ಓಡುವ ವಸ್ತು ಬೇರೆ.

ಸೋಲ್ಡರಿಂಗ್ ಐರನ್‌ನಲ್ಲಿ ನೇರವಾಗಿ ಸೆಲ್‌ಗೆ ಬೆಸುಗೆ ಹಾಕಬೇಡಿ. ಆ ಬಿಸಿ ಒಳಗೆ ಇಳಿದರೆ ಹೊಸ ಸೆಲ್ ಹುಟ್ಟುವಾಗಲೇ ರೋಗಿ. ವೆಲ್ಡರ್‌ನ ಬಲ ಎಷ್ಟಿರಬೇಕು ಅಂತ ಸತ್ತ ನಾಲ್ಕನೇ ಸೆಲ್ ಮೇಲೆ ನೋಡಿಕೊಂಡೆ. ಇಕ್ಕಳದಲ್ಲಿ ಎಳೆದರೆ ಚುಕ್ಕೆ ಬಿಡದೆ ಪಟ್ಟಿಯೇ ಹರಿಯಬೇಕು. ಮೂರನೇ ಸಲಕ್ಕೆ ಹಾಗಾಯಿತು. ಹೊಸದರಲ್ಲಿ ಒಂದು ತುದಿಗೆ ನಾಲ್ಕು ಚುಕ್ಕೆ. ಅರ್ಧ ಗಂಟೆಯ ಕೆಲಸ.

ಸಣ್ಣ ತಂತಿಗಳನ್ನು ಋಣದ ತುದಿಯಿಂದ ಶುರುಮಾಡಿ ಮೇಲಕ್ಕೆ ಕ್ರಮವಾಗಿ ಜೋಡಿಸಿದೆ. ತಾಪ ಸೆನ್ಸರನ್ನು ಮೊದಲಿದ್ದ ಜಾಗದಲ್ಲೇ ಅಂಟಿಸಿದೆ. ಬೋರ್ಡ್ ಮತ್ತು ಸೆಲ್ ನಡುವೆ ಈ ಸಲ ಒಂದು ದಪ್ಪ ಇನ್ಸುಲೇಷನ್ ಹಾಳೆ. ಮೀಟರ್ ಇಟ್ಟರೆ ಔಟ್‌ಪುಟ್ ಸೊನ್ನೆ! ಎದೆ ಧಸಕ್ಕೆಂದಿತು. ಸೆಲ್‌ಗಳ ತುದಿಯಲ್ಲಿ 18.4 ಇದೆ, ಬೋರ್ಡಿನ ಆಚೆ ಏನೂ ಇಲ್ಲ. ತಂತಿ ಕ್ರಮ ಮೂರು ಸಲ ನೋಡಿದೆ. ಆಮೇಲೆ ನೆನಪಾಯಿತು, ಸೆಲ್ ಕಳಚಿದರೆ ಎಷ್ಟೋ ಬಿಎಂಎಸ್‌ಗಳು ನಿದ್ದೆಗೆ ಹೋಗುತ್ತವೆ, ಚಾರ್ಜರ್ ತಟ್ಟಿ ಎಬ್ಬಿಸಬೇಕು. ಆಮೆಯ ಹೊಟ್ಟೆಗೆ ಹಾಕಿ ಗೂಡಿಗೆ ತಳ್ಳಿದೆ. ಒಂದು ಕ್ಷಣ ಸುಮ್ಮನಿದ್ದು ಹಸಿರು ದೀಪ ಹತ್ತಿತು. ಮಗಳು ಚಪ್ಪಾಳೆ ತಟ್ಟಿದಳು. ಕೆಲವು ಬ್ರಾಂಡ್‌ಗಳಲ್ಲಿ ಬೋರ್ಡ್ ಹೀಗೆ ಏಳುವುದೇ ಇಲ್ಲ, ಶಾಶ್ವತವಾಗಿ ಬೀಗ ಹಾಕಿಕೊಳ್ಳುತ್ತದೆ. ಬಿಚ್ಚುವ ಮೊದಲು ನಿಮ್ಮ ಮಾದರಿಯ ಬಗ್ಗೆ ಕೇಳಿ ತಿಳಿದುಕೊಳ್ಳಿ.

ಮುಚ್ಚಳದ ರಬ್ಬರ್ ದಾರಕ್ಕೆ ಸಿಲಿಕೋನ್ ಗ್ರೀಸ್ ಸವರಿ, ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿ ಮಾಡಿದೆ.

ಜೂನ್ 2: ಮೊದಲ ಪೂರ್ತಿ ಓಟ, 78 ನಿಮಿಷ.

ಅದೇ ದಿನ ವೇಳಾಪಟ್ಟಿ ಬದಲಾಯಿತು. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಎರಡು ಸುತ್ತು, ಬೆಳಿಗ್ಗೆ 7ಕ್ಕೇ ಶುರು. ಇಡೀ ವರ್ಷಕ್ಕೆ ಹಿಡಿದರೂ 208 ಸುತ್ತು, ಮೊದಲಿನ ಅರ್ಧಕ್ಕಿಂತ ಕಡಿಮೆ. ಹುಲ್ಲು ಜೋರಾಗಿ ಬೆಳೆಯುವ ವಾರಗಳಲ್ಲಿ ಒಂದು ದಿನ ಜಾಸ್ತಿ, ಜುಲೈನ ಒಣ ವಾರಗಳಲ್ಲಿ ಪೂರ್ತಿ ರಜೆ. ರಾತ್ರಿ ಓಡಿಸುವುದು ಮೊದಲಿಂದಲೂ ಇಲ್ಲ. ಇಲ್ಲಿ ಮುಳ್ಳುಹಂದಿಯ ಹಾಗೆ ಕಾಣುವ ಸಣ್ಣ ಪ್ರಾಣಿಗಳು ಕತ್ತಲಾದ ಮೇಲೆ ಹೊರಬರುತ್ತವೆ, ಯಂತ್ರ ಬಂದರೆ ಓಡದೆ ಮುದುಡಿ ಕೂರುತ್ತವೆ. ಗೂಡನ್ನು ಶೆಡ್‌ನ ಉತ್ತರದ ಗೋಡೆಗೆ ಸರಿಸಿದೆ. ಅದಕ್ಕಾಗಿ ಗಡಿ ತಂತಿ (ಆಮೆ ಅಂಗಳ ದಾಟದ ಹಾಗೆ ನೆಲದಲ್ಲಿ ಹೂತದ್ದು) ಅಗೆದು ಮತ್ತೆ ಹೂಳುವುದರಲ್ಲಿ ಒಂದು ಶನಿವಾರ ಪೂರ್ತಿ ಹೋಯಿತು. ಇಡೀ ಕೆಲಸದಲ್ಲಿ ಬೆನ್ನು ನೋವು ಬಂದದ್ದು ಇದಕ್ಕೊಂದಕ್ಕೇ. ಜುಲೈನಲ್ಲಿ ಅಳೆದಾಗ ಹೊರಗೆ 28, ಆಮೆಯ ಮೈ 32.

ಅಂಗಳ ಹೇಗಿದೆ ಅಂತ ಪಕ್ಕದ ಮನೆಯ ಅಜ್ಜನನ್ನು ಕೇಳಿದೆ. ಏನು ಬದಲಾಗಿದೆ ಅಂತ ಅವರು ನನ್ನನ್ನೇ ಕೇಳಿದರು.

ಅಕ್ಟೋಬರ್ 20: ಕೊನೆಯ ಓಟ, 77 ನಿಮಿಷ. ಬ್ಯಾಟರಿ ಹೊರಗೆ ತೆಗೆದೆ. ಬಲ್ಬಿನಲ್ಲಿ ಸ್ವಲ್ಪ ಖಾಲಿ ಮಾಡಿ 18.8 ವೋಲ್ಟಿಗೆ ನಿಲ್ಲಿಸಿದೆ. ಸೆಲ್‌ಗೆ 3.76, ಸುಮಾರು ಅರ್ಧ ತುಂಬಿದ ಹಾಗೆ. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೆಲಮಾಳಿಗೆಗೆ. ಅಲ್ಲಿ 11, 12 ಡಿಗ್ರಿ.

2025, ಮಾರ್ಚ್ 30: 18.76. ಐದು ತಿಂಗಳಲ್ಲಿ ಇಳಿದದ್ದು 0.04 ವೋಲ್ಟ್. ಹೊರಗೆ ಬೆಳಗಿನ ಜಾವ ಇನ್ನೂ ಮೈನಸ್ ಎರಡು. ಸೊನ್ನೆಗಿಂತ ಕೆಳಗೆ ಚಾರ್ಜ್ ಕೊಟ್ಟರೆ ಲಿಥಿಯಂ ಗ್ರಾಫೈಟ್ ಒಳಗೆ ಇಳಿಯದೆ ಮೇಲೆಯೇ ಲೋಹವಾಗಿ ಅಂಟಿಕೊಳ್ಳುತ್ತದೆ. ಸೆನ್ಸರ್ ತಡೆಯಬೇಕು, ತಡೆಯುತ್ತದೆ ಅಂತ ನಂಬಿಕೂರಲು ನನಗೆ ಇಷ್ಟವಿಲ್ಲ. ಮೂರು ವಾರ ಬಿಟ್ಟೆ.

ಸತ್ತ ಸೆಲ್‌ನ ಎರಡೂ ತುದಿಗೆ ಟೇಪ್ ಸುತ್ತಿ ಊರಿನ ಮರುಬಳಕೆ ಕೇಂದ್ರಕ್ಕೆ ಕೊಟ್ಟೆ. ಉಳಿದ ನಾಲ್ಕು ಹಳೆಯವು ಡಬ್ಬಿಯಲ್ಲಿವೆ. ಏನಕ್ಕಾದರೂ ಬರುತ್ತವೆ ಅಂತ ನಾನು, ಯಾವಾಗ ಹೊರಗೆ ಹೋಗುತ್ತವೆ ಅಂತ ಹೆಂಡತಿ.

ಅಪ್ಪನಿಗೆ ಇದೆಲ್ಲ ವಿವರಿಸಿದೆ. ಪೂರ್ತಿ ಕೇಳಿದರು. "ಹಂಗಾದ್ರೆ ನಮ್ಮ ಸ್ಪ್ರೇಯರ್ ಬ್ಯಾಟರಿನೂ ಅರ್ಧ ಚಾರ್ಜಿಗೆ ಇಡ್ಲಾ?" ಅಂದರು. ಬೇಡ ಅಪ್ಪಯ್ಯ, ಅದು ಸೀಸದ್ದು, ಅದನ್ನು ತುಂಬಿಸಿಯೇ ಇಡಿ ಅಂತ ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು.

ಏಪ್ರಿಲ್ 21: ಆಮೆ ಹೊರಟಿತು. 77 ನಿಮಿಷ. ಎಡಗಡೆಯ ಹಿಂದಿನ ಚಕ್ರ ಕಿರ್ ಅನ್ನುತ್ತಿದೆ. ಬೇರಿಂಗ್ ತರಿಸಬೇಕು.